ತಣ್ಣಗಿನ ಪಾಸ್ತಾಕ್ಕೆ ಎಷ್ಟು ಉಪ್ಪು

ಆ ಮನೆಯಲ್ಲಿ ಉಪ್ಪಿನ ಡಬ್ಬಿಗೆ ಕೈ ಹಾಕುವ ಹಕ್ಕು ಒಬ್ಬಳಿಗೇ ಇತ್ತು. ತರಕಾರಿ ಯಾರು ಬೇಕಾದರೂ ಹೆಚ್ಚಲಿ, ಪಾತ್ರೆ ಯಾರು ಬೇಕಾದರೂ ತೊಳೆಯಲಿ, ಉಪ್ಪು ಹಾಕುವವಳು ಮಾತ್ರ ಅತ್ತೆ. ಹಾಕಿ, ಕೈ ಕೊಡವಿ, ಒಂದು ಚಮಚ ಬಾಯಿಗೆ ಬಿಟ್ಟುಕೊಂಡು "ಹ್ಞೂಂ" ಎಂದ ಮೇಲೆಯೇ ಊಟ ಮೇಜಿಗೆ ಬರುವುದು. ಅದಕ್ಕೆ ಮೊದಲು ಸೌಟು ಮುಟ್ಟಿದವರ ಜನ್ಮ ಜಾಲಾಡಿಬಿಡುತ್ತಿದ್ದಳು. ಮಗ ಲಿಫ್ಟ್ ರಿಪೇರಿಯವನು. ದಿನವಿಡೀ ಕಂಡವರ ಕಟ್ಟಡಗಳ ಕತ್ತಲೆ ಗುಂಡಿಗಳಿಗೆ ಇಳಿಯುವ ಗಟ್ಟಿಗ. ಅವನೂ ಆ ಡಬ್ಬಿಯ ಹತ್ತಿರ ಸುಳಿಯುತ್ತಿರಲಿಲ್ಲ.

ಒಂದು ವಿಷಯ ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಳಿಗಾಲದಲ್ಲಿ ಬಂದ ಕೆಟ್ಟ ಜ್ವರ ಹೋಗುವಾಗ ಅತ್ತೆಯ ನಾಲಿಗೆಯ ರುಚಿಯನ್ನೂ ಕರೆದುಕೊಂಡು ಹೋಗಿತ್ತು. ಉಪ್ಪಿಲ್ಲ, ಹುಳಿಯಿಲ್ಲ, ಸಿಹಿಯಿಲ್ಲ. ಬಾಯಿಗೆ ಹಾಕಿಕೊಂಡದ್ದೆಲ್ಲ ಒದ್ದೆ ರಟ್ಟು. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾದಳು, ಬರಲಿಲ್ಲ. ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಬಿಟ್ಟರೆ ಡಬ್ಬಿ ಸೊಸೆಯ ಕೈಗೆ ಹೋಗುತ್ತದೆ. ಡಬ್ಬಿ ಹೋದರೆ ಅಡುಗೆಮನೆ ಹೋಯಿತು. ಅಡುಗೆಮನೆ ಹೋದರೆ ತಾನು ಕಿಟಕಿ ಪಕ್ಕ ಕೂತು ಊರವರ ಪರದೆಗಳಿಗೆ ಅಂಚು ಹೊಲಿಯುವ ಮುದುಕಿ, ಅಷ್ಟೇ. ಅದರಲ್ಲೂ ಆ ಸೊಸೆಯ ಕೈಗೆ! ಅದಕ್ಕಿಂತ ರಟ್ಟು ತಿಂದುಕೊಂಡಿರುವುದೇ ವಾಸಿ ಎಂದು ತೀರ್ಮಾನ ಮಾಡಿದ್ದಳು.

ದಿನದ ಅಡುಗೆಗೆ ಅಡ್ಡಿಯಿರಲಿಲ್ಲ. ಸೂಪಿಗೆ ಎಷ್ಟು, ಬೇಳೆಗೆ ಎಷ್ಟು, ಹುರಿದ ಆಲೂಗಡ್ಡೆಗೆ ಎಷ್ಟು ಎಂದು ಅವಳ ಕೈಗೇ ಗೊತ್ತಿತ್ತು. ಕೈ ತಪ್ಪಿದರೆ ಹೇಳಲು ಗಂಡನ ಮುಖವಿತ್ತು. ಮೊದಲ ತುತ್ತು ಅವನದು. ಹುಬ್ಬು ಗಂಟಿಕ್ಕಿದರೆ ಹೆಚ್ಚು, ಎರಡನೇ ತುತ್ತಿಗೆ ತಡಮಾಡಿದರೆ ಕಡಿಮೆ. ಅದನ್ನು ನೋಡಿಕೊಂಡು ಎದ್ದು ಹೋಗಿ ಒಂದಿಷ್ಟು ಬಿಸಿನೀರೋ ಒಂದು ಚಿಟಿಕೆ ಉಪ್ಪೋ ಸೇರಿಸಿ ಬರುತ್ತಿದ್ದಳು. ಗಂಡ ನಿವೃತ್ತ ಬಸ್ ಡ್ರೈವರ್. ಪಾಪ, ಅವನು ಇದನ್ನು ಬೇರೆಯೇ ಥರ ತಿಳಿದುಕೊಂಡಿದ್ದ.

"ಇಷ್ಟು ವರ್ಷ ಇಲ್ಲದ ಪ್ರೀತಿ ಈಗ ಉಕ್ಕಿದೆ ನೋಡೋ ನಿಮ್ಮಮ್ಮನಿಗೆ. ಊಟಕ್ಕೆ ಕೂತ್ರೆ ನನ್ನ ಮುಖದಿಂದ ಕಣ್ಣೇ ಕೀಳಲ್ಲ" ಎಂದು ಮಗನ ಹತ್ತಿರ ಹೇಳಿಕೊಂಡಿದ್ದ. ಊಟಕ್ಕೆ ಕೂರುವ ಮೊದಲು ಕನ್ನಡಿ ಮುಂದೆ ನಿಂತು ಇದ್ದ ನಾಲ್ಕು ಕೂದಲು ಬಾಚಿಕೊಳ್ಳುವುದನ್ನೂ ಶುರು ಮಾಡಿದ್ದ.

ಹಾಗಿರುವಾಗ ಬೇಸಿಗೆ ಬಂತು. ಆ ಕಟ್ಟಡದಲ್ಲಿ ಬೇಸಿಗೆಯ ಭಾನುವಾರ ಸಂಜೆ ಯಾರೂ ಮನೆಯೊಳಗೆ ಕೂರುವುದಿಲ್ಲ. ಫ್ಯಾನ್ ಹಾಕಿದರೆ ಬಿಸಿಗಾಳಿ, ಹಾಕದಿದ್ದರೆ ಬೆವರು. ಮನೆಗೊಂದು ಪಾತ್ರೆ ಹಿಡಿದುಕೊಂಡು ಎಲ್ಲರೂ ತಾರಸಿಗೆ ಹತ್ತುತ್ತಾರೆ, ನೀರಿನ ಟ್ಯಾಂಕಿನ ಪಕ್ಕ ಚಾಪೆ ಹಾಸಿ ಹಂಚಿಕೊಂಡು ತಿನ್ನುತ್ತಾರೆ. ಸೊಸೆಗೆ ಇದು ಆ ಮನೆಯ ಮೊದಲ ಬೇಸಿಗೆ. ಅವಳು ಕನ್ನಡಕದಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷೆ ಮಾಡುವವಳು. ಮಾತು ನೇರ, ನೋಟ ಅದಕ್ಕಿಂತ ನೇರ. ಅತ್ತೆಗೆ ಅವಳು ಆಗಿಬರದೇ ಇದ್ದದ್ದು ಈ ನೋಟಕ್ಕೇ.

"ಈ ಭಾನುವಾರ ನಾನು ಪಾಸ್ತಾ ಸಲಾಡ್ ಮಾಡ್ತೀನಿ ಅತ್ತೆ" ಎಂದಳು ಸೊಸೆ. "ಫ್ರಿಜ್ಜಲ್ಲಿಟ್ಟು ತಣ್ಣಗೆ ತಿನ್ನೋದು. ಈ ಸೆಕೆಗೆ ಚೆನ್ನಾಗಿರುತ್ತೆ."

"ತಣ್ಣಗಿರೋದನ್ನ ನಾಲ್ಕು ಜನಕ್ಕೆ ಕೊಡ್ತಾರೇನೇ? ನಿನ್ನೆ ಮಿಕ್ಕಿದ್ದು ತಂದಿದ್ದಾರೆ ಅಂತಾರೆ."

"ಯಾರೂ ಅನ್ನಲ್ಲ."

"ನನಗಂತೂ ಬೇಡಪ್ಪ" ಎಂದ ಮಾವ. "ಮೂವತ್ತು ವರ್ಷ ಬಸ್ ಸ್ಟ್ಯಾಂಡಲ್ಲಿ ಕೂತು ತಣ್ಣಗಿನ ಡಬ್ಬಿ ತಿಂದಿದೀನಿ. ರಿಟೈರಾದ ದಿನಾನೇ ಹೇಳಿದ್ದೆ, ಇನ್ಮೇಲೆ ಹೊಗೆ ಆಡದೇ ಇರೋದು ನನ್ನ ಗಂಟಲಲ್ಲಿ ಇಳಿಯಲ್ಲ ಅಂತ."

ಅತ್ತೆ ಪೇಚಿಗೆ ಸಿಕ್ಕಳು. ತಣ್ಣಗಿನ ಪಾಸ್ತಾಕ್ಕೆ ಎಷ್ಟು ಉಪ್ಪು ಎಂದು ಅವಳ ಕೈಗೆ ಗೊತ್ತಿಲ್ಲ. ಗಂಡನ ಮುಖ ನೋಡೋಣ ಎಂದರೆ ಅವನು ತಿನ್ನುವುದೇ ಇಲ್ಲ.

ಶನಿವಾರ ಸೊಸೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲಿಟ್ಟು ಡಬ್ಬಿಯ ಕಡೆ ಕೈ ಚಾಚಿದಳು.

"ಏಯ್! ಏನದು?"

"ಪಾಸ್ತಾ ಬೇಯೋ ನೀರಿಗೇ ಉಪ್ಪು ಹಾಕ್ಬೇಕು ಅತ್ತೆ. ಆಮೇಲೆ ಹಾಕಿದ್ರೆ ಒಳಗೆ ಹಿಡಿಯಲ್ಲ."

"ಆಮೇಲೆ ಆ ನೀರು ಏನು ಮಾಡ್ತೀಯ?"

"ಬಸಿದು ಚೆಲ್ತೀನಿ."

"ಚೆಲ್ಲೋ ನೀರಿಗೆ ಉಪ್ಪು! ಕೇಳಿದ್ರಾ ರೀ, ನಿಮ್ಮ ಸೊಸೆ ಮೋರಿಗೆ ಅಡುಗೆ ಮಾಡ್ತಿದ್ದಾಳೆ. ಕೈ ತೆಗಿ. ಉಪ್ಪು ನಾನು ಹಾಕ್ತೀನಿ, ಕೊನೇಲಿ."

ಸೊಸೆ ಹಲ್ಲು ಕಚ್ಚಿಕೊಂಡು ಸಪ್ಪೆ ನೀರಿನಲ್ಲೇ ಬೇಯಿಸಿದಳು. ಬಸಿದು, ತಣ್ಣೀರಿನಲ್ಲಿ ಜಾಲಿಸಿ, ಎಣ್ಣೆ ಸವರಿದಳು. ಸೌತೆಕಾಯಿ, ಟೊಮೇಟೊ, ದಪ್ಪ ಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಹಾಕಿ, ನಿಂಬೆಹಣ್ಣು ಹಿಂಡಿ, ಕಾಳುಮೆಣಸು ಕುಟ್ಟಿ ಉದುರಿಸಿದಳು. ಅತ್ತೆ ಬಂದು ಹೆದರಿ ಹೆದರಿ ಎರಡು ಚಿಟಿಕೆ ಉಪ್ಪು ಹಾಕಿ, ಒಂದು ಚಮಚ ತಿಂದು "ಹ್ಞೂಂ" ಎಂದಳು.

ತಾರಸಿಯಲ್ಲಿ ಅದನ್ನು ಯಾರೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ. ಎರಡನೇ ಮಹಡಿಯಲ್ಲಿರುವ ಅತ್ತೆಯ ಓರಗಿತ್ತಿ, ಅಂದರೆ ಮಾವನ ತಮ್ಮನ ಹೆಂಡತಿ, ಅದನ್ನು ಚಮಚದಿಂದ ಕೆದಕಿ ಕೆದಕಿ ನೋಡಿದಳು. ಕಟ್ಟಡದ ಮಕ್ಕಳು ಅವಳಿಗೆ ಇಟ್ಟ ಹೆಸರು ರೇಡಿಯೊ.

"ಏನಮ್ಮ, ಉಪ್ಪಿಗೆ ಬರ ಬಂದಿದೆಯಾ ನಿಮ್ಮನೇಲಿ?"

"ಈಗಿನ ಹುಡುಗೀರು, ನಾವು ಹೇಳಿದ್ರೆ ಕೇಳ್ತಾರಾ?" ಎಂದುಬಿಟ್ಟಳು ಅತ್ತೆ.

ಸೊಸೆ ಬಾಯಿ ತೆರೆದಳು. ಗಂಡ ಪಕ್ಕದಿಂದ ಅವಳ ಮೊಣಕೈ ಹಿಡಿದು ಅದುಮಿದ. ಮೆಟ್ಟಿಲಿಳಿಯುವಾಗ ಅವನಿಗೆ ಆಯಿತು ಪೂಜೆ.

"ಉಪ್ಪು ಹಾಕಿದ್ದು ಯಾರು? ಹೇಳಕ್ಕೆ ನಿಮಗೆ ಬಾಯಿರಲಿಲ್ವಾ?"

"ಒಂದು ಸಲಾಡಿಗೆ ಯಾಕೆ ಇಷ್ಟು ರಂಪ?"

"ಹಂಗಾದ್ರೆ ಮುಂದಿನ ಸಲ ನಿಮ್ಮ ಹೆಸರಲ್ಲಿ ತಗೊಂಡು ಹೋಗಿ."

ಮುಂದಿನ ಸಲ ಅತ್ತೆ ಸಪ್ಪೆಯ ಅಪವಾದ ಬೇಡವೆಂದು ಹಿಡಿ ತುಂಬ ಹಾಕಿದಳು. ಸೊಸೆ ಸ್ನಾನಕ್ಕೆ ಹೋಗಿದ್ದಳು, ಬರುವಷ್ಟರಲ್ಲಿ ಪಾತ್ರೆಗೆ ಮುಚ್ಚಳ ಬಿದ್ದು ಫ್ರಿಜ್ಜಿನೊಳಗೆ ಕೂತಾಗಿತ್ತು. ತಾರಸಿಯಲ್ಲಿ ಮೊದಲ ತುತ್ತು ತಿಂದ ಪಕ್ಕದ ಮನೆಯ ಬೇಕರಿಯವನು ನೀರಿನ ಜಗ್ಗನ್ನೇ ಎತ್ತಿಕೊಂಡು ಕುಡಿದ. "ಸಮುದ್ರ ನೋಡಬೇಕು ಅಂತ ಆಸೆಯಿತ್ತು, ತಾರಸಿ ಮೇಲೇ ತೋರಿಸಿಬಿಟ್ಟೆ ಬಿಡಮ್ಮ" ಎಂದಳು ರೇಡಿಯೊ. ಚಾಪೆಯ ತುಂಬ ನಗು. ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಟ್ಯಾಂಕಿನ ಕಡೆ ನೋಡುತ್ತಿದ್ದಳು. ಸೋಮವಾರದ ಹೊತ್ತಿಗೆ ಕಟ್ಟಡದ ನಾಲ್ಕೂ ಮಹಡಿಗೆ ಪ್ರಸಾರವಾಗಿತ್ತು. ಲಿಫ್ಟಿನಲ್ಲಿ ಸಿಕ್ಕ ಯಾರೋ ಗುರುತು ಪರಿಚಯವಿಲ್ಲದ ಹೆಂಗಸು "ಓ, ನೀವೇನಾ ಆ ಉಪ್ಪಿನ ಸಲಾಡ್ ಹುಡುಗಿ?" ಎಂದು ಕೇಳಿದಳು. ಸೊಸೆಯ ಮೈಯೆಲ್ಲ ಉರಿಯಿತು.

ಆಮೇಲೆ ಆ ಮನೆಯಲ್ಲಿ ಮಾತು ನಿಂತು ಪಾತ್ರೆಗಳು ಮಾತಾಡತೊಡಗಿದವು. ಒಬ್ಬಳು ತಟ್ಟೆ ಕುಕ್ಕಿದರೆ ಇನ್ನೊಬ್ಬಳು ಲೋಟ ಕುಕ್ಕುವಳು. ಸೊಸೆ ಒಗೆದ ಬಟ್ಟೆಯಲ್ಲಿ ತನ್ನದು, ಗಂಡನದು, ಮಾವನದು ಮಾತ್ರ ಒಣಹಾಕಿ, ಅತ್ತೆಯದನ್ನು ಬಕೆಟ್ಟಿನಲ್ಲೇ ಬಿಟ್ಟು ಕೆಲಸಕ್ಕೆ ಹೋದಳು. ಅತ್ತೆ ಸೊಸೆಯ ಮಧ್ಯಾಹ್ನದ ಡಬ್ಬಿ ಕಟ್ಟುವುದನ್ನು ನಿಲ್ಲಿಸಿದಳು. ಮಧ್ಯೆ ಮಗ ಅಡಕತ್ತರಿಗೆ ಸಿಕ್ಕ ಅಡಿಕೆ. ಓವರ್‌ಟೈಮ್ ಇದೆ ಎಂದು ಸುಳ್ಳು ಹೇಳಿ ಹೊರಗೇ ಇರತೊಡಗಿದ.

ಹೀಗಿರುವಾಗ ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಸೂಪು, ಬ್ರೆಡ್ಡು, ಬೇಯಿಸಿದ ಮೊಟ್ಟೆ. ಮಾವ ಬಾಚಿದ ತಲೆಯಲ್ಲಿ ಬಂದು ಕೂತು ಮೊದಲ ಚಮಚ ಸೂಪು ಬಾಯಿಗಿಟ್ಟವನೇ ಮುಖ ಕಿವುಚಿದ. ಅವನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ನಿಂತಿದ್ದಳು.

"ಉಪ್ಪು ಜಾಸ್ತಿಯಾಯ್ತಾ? ಕೊಡಿ ಇಲ್ಲಿ."

ಬಟ್ಟಲು ಕಿತ್ತುಕೊಂಡು ಬಿಸಿನೀರು ಸುರಿದಳು. ಒಲೆಯ ಮೇಲಿದ್ದ ಪಾತ್ರೆಗೂ ಒಂದು ಚೊಂಬು ಸುರಿದಳು.

"ಅಯ್ಯೋ, ಉಪ್ಪಲ್ಲ ಮಾರಾಯ್ತಿ, ಹಲ್ಲು! ಹುಳುಕು ಹಲ್ಲಿಗೆ ಬಿಸಿ ತಾಗಿತು!" ಎಂದು ಮಾವ ಕೆನ್ನೆ ಹಿಡಿದುಕೊಂಡ.

ಸೊಸೆ ತನ್ನ ಬಟ್ಟಲಿನಿಂದ ಒಂದು ಚಮಚ ಕುಡಿದಳು. ಉಪ್ಪು ಹದವಾಗಿತ್ತು. ಈಗಷ್ಟೇ ರುಚಿ ನೋಡಿ 'ಹ್ಞೂಂ' ಎಂದವಳು ನೀರು ಯಾಕೆ ಸುರಿದಳು? ಸೊಸೆ ಅತ್ತೆಯನ್ನು ನೋಡಿದಳು, ಅತ್ತೆ ಇನ್ನೂ ಗಂಡನ ಮುಖವನ್ನೇ ನೋಡುತ್ತಿದ್ದಳು. ಅಂಗಡಿಗೆ ಬರುವ ಮುದುಕರು ಹೀಗೇ ಮಾಡುತ್ತಾರೆ. ಅಕ್ಷರ ಕಾಣಿಸದವರು ಗೋಡೆಯ ಬೋರ್ಡು ನೋಡುವುದಿಲ್ಲ, ಜೊತೆಗೆ ಬಂದವರ ಮುಖ ನೋಡುತ್ತಾರೆ. ಇನ್ನು ಕೆಲವರು ಹಿಂದಿನವರು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿಕೊಂಡು ಬಂದು ಗಿಣಿಯ ಹಾಗೆ ಒಪ್ಪಿಸುತ್ತಾರೆ.

ಮರುದಿನ ಸೊಸೆ ಕೆಲಸಕ್ಕೆ ಹೊರಡುವ ಮುಂಚೆ ತಾನೇ ಚಹಾ ಮಾಡಿ ಅತ್ತೆಯ ಹೊಲಿಗೆ ಮೆಷಿನ್ನಿನ ಮೇಲೆ ತಂದಿಟ್ಟಳು. ಅತ್ತೆ ಅನುಮಾನದಿಂದ ನೋಡಿ, ಕೊನೆಗೆ ಕುಡಿದಳು.

"ಸಕ್ಕರೆ ಸರಿಯಾಗಿದೆಯಾ ಅತ್ತೆ?"

"ಒಂದು ಚೂರು ಹೆಚ್ಚೇ ಸುರಿದಿದ್ದೀಯ. ನಿಮ್ಮಪ್ಪನ ಮನೆ ದುಡ್ಡಾ?"

"ಒಂದು ಹರಳೂ ಹಾಕಿಲ್ಲ."

ಮೆಷಿನ್ನಿನ ಚಕ್ರದ ಮೇಲಿದ್ದ ಅತ್ತೆಯ ಕೈ ಅಲ್ಲೇ ನಿಂತಿತು.

"ನಿಮಗೆ ರುಚಿ ಗೊತ್ತಾಗಲ್ಲ. ಜ್ವರ ಬಂದಾಗಿಂದ ಅಲ್ವಾ?"

"ನನ್ನ ಪರೀಕ್ಷೆ ಮಾಡ್ತೀಯೇನೇ? ನಿನ್ನ ಅಂಗಡಿ ಗಿರಾಕಿ ಅಂದ್ಕೊಂಡ್ಯಾ ನನ್ನ?"

"ನನ್ನ ಸಲಾಡು ಎರಡು ಸಲ ಹಾಳು ಮಾಡಿದ್ದು ನೀವು. ಜನ ನಕ್ಕಿದ್ದು ನನ್ನ ನೋಡಿ. ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ರಲ್ಲ, ಹೊಟ್ಟೆ ತಣ್ಣಗಾಯ್ತಾ?"

"ಆಯ್ತು ಕಣೇ, ತಣ್ಣಗಾಯ್ತು. ಏನೀಗ?"

"ಈ ಭಾನುವಾರ ಉಪ್ಪು ನಾನು ಹಾಕ್ತೀನಿ. ನೀವು ಅಡ್ಡ ಬಂದ್ರೆ ತಾರಸೀಲಿ ಎಲ್ಲರ ಮುಂದೆ ಒಂದು ಚಮಚ ಕೈಗೆ ಕೊಟ್ಟು ಕೇಳ್ತೀನಿ, ಉಪ್ಪು ಹೆಚ್ಚಾ ಕಡಿಮೆಯಾ ಹೇಳಿ ಅಂತ."

"ಕೇಳು. ಕೇಳು ನೋಡೋಣ!"

ಬಾಯಲ್ಲಿ ಹಾಗೆ ಅಂದಳೇ ಹೊರತು ಅವತ್ತಿಡೀ ಅತ್ತೆಯ ಹೊಲಿಗೆ ನೆಟ್ಟಗೆ ಬರಲಿಲ್ಲ. ಒಂದೇ ಅಂಚನ್ನು ಬಿಚ್ಚಿ ಬಿಚ್ಚಿ ಹೊಲಿದಳು. ಈ ಹುಡುಗಿ ಹೇಳಿದಂತೆ ಮಾಡುವವಳೇ. ಕೇಳಿದರೆ ಏನು ಹೇಳುವುದು? ಹೆಚ್ಚು ಎನ್ನುವುದೋ, ಕಡಿಮೆ ಎನ್ನುವುದೋ? ಯೋಚಿಸಿ ಯೋಚಿಸಿ ಶನಿವಾರ ಸಂಜೆ ಒಂದು ಉಪಾಯ ಹೊಳೆಯಿತು. ಆ ಉಪಾಯ ಅವಳೊಬ್ಬಳಿಗೇ ಹೊಳೆಯಬೇಕು ಬಿಡಿ. ಉಪ್ಪಿನ ಡಬ್ಬಿಯನ್ನೂ, ಒಡೆಯದ ಉಪ್ಪಿನ ಪ್ಯಾಕೆಟ್ಟನ್ನೂ ಎತ್ತಿ, ಹೊಲಿಗೆ ಮೆಷಿನ್ನಿನ ಖಾನೆಯಲ್ಲಿ ಪರದೆ ಬಟ್ಟೆಯ ಕೆಳಗೆ ತುರುಕಿ ಬೀಗ ಹಾಕಿದಳು. ಮನೆಯಲ್ಲಿ ಉಪ್ಪೇ ಇಲ್ಲದಿದ್ದರೆ ಸಲಾಡಿನಲ್ಲಿ ಉಪ್ಪು ಎಲ್ಲಿಂದ ಬರಬೇಕು? ಇವಳು ಚಮಚ ಕೊಟ್ಟು ಕೇಳಲಿ, ಸಪ್ಪೆ ಎಂದು ಗಟ್ಟಿಯಾಗಿ ಹೇಳಿದರಾಯಿತು. ಪ್ರಶ್ನೆಗೆ ಮೊದಲೇ ಉತ್ತರ ಸಿದ್ಧ.

ಭಾನುವಾರ ಬೆಳಗ್ಗೆ ಸೊಸೆ ಕಪಾಟು ತೆರೆದಳು, ಮುಚ್ಚಿದಳು. ಇನ್ನೊಂದು ತೆರೆದಳು. ಅತ್ತೆ ಹಾಲಿನಲ್ಲಿ ಮೆಷಿನ್ ತುಳಿಯುತ್ತ ಕಿವಿಯನ್ನು ಅಡುಗೆಮನೆಯಲ್ಲಿಟ್ಟಿದ್ದಳು. ಸೊಸೆ ಕೇಳಲಿಲ್ಲ. ಕೇಳಿದರೆ ಸೋತಂತೆ ಎಂದುಕೊಂಡಳು. ಪಕ್ಕದ ಮನೆಗೂ ಹೋಗಲಿಲ್ಲ, ಅಂಗಡಿಗೂ ಹೋಗಲಿಲ್ಲ. ಮತ್ತೆ ಸಪ್ಪೆ ಮಾಡಿ ನಗೆಪಾಟಲು ಮಾಡುವುದಕ್ಕೇ ಮುದುಕಿ ಡಬ್ಬಿ ಬಚ್ಚಿಟ್ಟಿದ್ದಾಳೆ ಎಂದು ಅವಳ ಲೆಕ್ಕ. "ಇಡಿ, ಇಡಿ. ತಲೆಗೆ ಕಟ್ಕೊಂಡು ಮಲಗಿ" ಎಂದು ಗೊಣಗಿಕೊಂಡೇ ಫ್ರಿಜ್ಜಿನಿಂದ ಆಲಿವ್ ಕಾಯಿಯ ಬಾಟಲಿ ತೆಗೆದಳು. ಕಾಯಿ ನೆನೆದಿರುವುದೇ ಉಪ್ಪುನೀರಿನಲ್ಲಿ. ಕಾಯಿ ಹೆಚ್ಚಿ ಹಾಕಿ, ಆ ನೀರನ್ನು ನಿಂಬೆರಸ, ಎಣ್ಣೆಯ ಜೊತೆ ಕಲಸಿ ಸುರಿದಳು. ಉಪ್ಪುಪ್ಪಾದ ಚೀಸು ಇತ್ತು, ಪುಡಿ ಮಾಡಿ ಉದುರಿಸಿದಳು. ತಣ್ಣಗಾದ ಮೇಲೆ ಉಪ್ಪು ನಾಲಿಗೆಗೆ ಮಂದವಾಗುತ್ತದೆ. ಮಧ್ಯಾಹ್ನ ಫ್ರಿಜ್ಜಿನಿಂದ ತೆಗೆದು ಇನ್ನೊಮ್ಮೆ ರುಚಿ ನೋಡಿ, ಇನ್ನಷ್ಟು ಚೀಸು ಸೇರಿಸಿದಳು. ಅಪರೂಪಕ್ಕೆ ಅವಳಿಗೇ ನಗು ಬಂತು. ಅಷ್ಟು ಚೆನ್ನಾಗಿತ್ತು.

ತಾರಸಿಯಲ್ಲಿ ಬೇಕರಿಯವನು ಮೊದಲು ಚೂರೇ ಚೂರು ಹಾಕಿಸಿಕೊಂಡ. ಆಮೇಲೆ ತಟ್ಟೆ ತುಂಬ ಹಾಕಿಸಿಕೊಂಡ. ರೇಡಿಯೊ ಕೂಡ ಸುಮ್ಮನೆ ತಿನ್ನುತ್ತಿದ್ದಳು, ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೇ? ಆದರೆ ಅತ್ತೆ ಅವರ ಯಾರ ಮುಖವನ್ನೂ ನೋಡಲಿಲ್ಲ. ಅವಳ ಕಣ್ಣೆಲ್ಲ ಸೊಸೆಯ ಮೇಲೆ. ಸೊಸೆ ಒಂದು ಬಟ್ಟಲು, ಒಂದು ಚಮಚ ಹಿಡಿದು ತನ್ನ ಕಡೆಗೇ ಬರುವುದು ಕಂಡಿತು. ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಬಟ್ಟಲು ಕಸಿದುಕೊಂಡು ಒಂದು ತುತ್ತು ಬಾಯಿಗೆ ಹಾಕಿಕೊಂಡು, ಇಡೀ ತಾರಸಿಗೆ ಕೇಳುವಂತೆ ಕೂಗಿದಳು:

"ಥೂ! ಉಪ್ಪೇ ಇಲ್ಲ! ಸಪ್ಪೆ ಅಂದ್ರೆ ಸಪ್ಪೆ! ನೋಡ್ರಪ್ಪ ಎಲ್ಲರೂ, ಇದು ನನ್ನ ಸೊಸೆ ಅಡುಗೆ!"

ಬೇಕರಿಯವನ ಚಮಚ ಗಾಳಿಯಲ್ಲೇ ನಿಂತಿತು.

"ಏನಕ್ಕಾ ಹೀಗಂತೀರಿ?" ಎಂದಳು ರೇಡಿಯೊ. "ಹದವಾಗಿದೆಯಲ್ಲ. ನಾನೇ ಎರಡು ಸಲ ಹಾಕಿಸಿಕೊಂಡೆ."

"ನಿನ್ನ ನಾಲಿಗೆಗೆ ಏನು ಗೊತ್ತು? ಒಂದು ಹರಳು ಉಪ್ಪಿಲ್ಲ ಇದರಲ್ಲಿ!"

"ಅಮ್ಮಾ, ಸರಿಯಾಗಿದೆಯಮ್ಮ" ಎಂದ ಮಗ ಮೆಲ್ಲಗೆ.

"ಹೇಗೋ ಸರಿಯಾಗಿರುತ್ತೆ? ಡಬ್ಬಿ, ಪ್ಯಾಕೆಟ್ಟು ಎರಡೂ ನನ್ನ ಮೆಷಿನ್ ಖಾನೇಲಿ..."

ಅಲ್ಲಿಗೆ ಅವಳಿಗೇ ಗೊತ್ತಾಗಿ ನಿಲ್ಲಿಸಿದಳು. ಆಗಲೇ ಹೊತ್ತು ಮೀರಿತ್ತು. ತಾನು ತೋಡಿದ ಗುಂಡಿಗೆ ತಾನೇ ಬಿದ್ದಿದ್ದಳು, ಅದೂ ನೆರೆಹೊರೆಯೆಲ್ಲ ನೋಡುತ್ತಿರುವಾಗ.

"ಆಲಿವ್ ಕಾಯಿಯ ಉಪ್ಪುನೀರು ಹಾಕಿದ್ದೀನಿ" ಎಂದಳು ಸೊಸೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಎರಡು ಭಾನುವಾರದ ನಗು ಅವಳ ಗಂಟಲಲ್ಲಿ ಕೂತಿತ್ತು. "ಚಳಿಗಾಲದ ಜ್ವರದಿಂದ ಅತ್ತೆಗೆ ರುಚಿ ಗೊತ್ತಾಗಲ್ಲ. ಇಷ್ಟು ದಿನ ಮಾವನ ಮುಖ ನೋಡಿ ನೋಡಿ ಉಪ್ಪು ಹಾಕ್ತಿದ್ರು. ನನ್ನ ಸಲಾಡು ಎರಡು ಸಲ ಕೆಟ್ಟಿದ್ದು ಅದಕ್ಕೆ."

ರೇಡಿಯೊ ಕಿಸಕ್ಕನೆ ನಕ್ಕಳು. "ಅಯ್ಯೋ ಅಕ್ಕಾ, ಹೇಳಬಾರದಿತ್ತಾ? ಇನ್ನೇನು, ಸೌಟು ಸೊಸೆಗೆ ಕೊಟ್ಟು ನನ್ನ ಹಾಗೆ ಸೋಫಾ ಮೇಲೆ ಕಾಲು ಚಾಚಿ ಕೂತ್ಕೊಳ್ಳಿ!"

ಸೊಸೆಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು, ತುಂಬಾನೇ ಖುಷಿಯಾಯಿತು. ಮಾವನ ಕಡೆ ತಿರುಗುವವರೆಗೂ ಆ ಖುಷಿ ಇತ್ತು. ಅವನು ಚಾಪೆಯ ಅಂಚಿನಲ್ಲಿ ಬಾಚಿದ ತಲೆಯ ಮೇಲೆ ಕೈಯಿಟ್ಟುಕೊಂಡು ಹೆಂಡತಿಯನ್ನೇ ನೋಡುತ್ತಿದ್ದ.

"ಅದಕ್ಕಾ ನನ್ನ ಮುಖ ನೋಡ್ತಿದ್ದೆ?"

ಅತ್ತೆ ಬಟ್ಟಲನ್ನು ಚಾಪೆಯ ಮೇಲಿಟ್ಟು ಮೆಟ್ಟಿಲಿಳಿದು ಹೋದಳು.

ಸೋಮವಾರ ಬೆಳಗ್ಗೆ ಅತ್ತೆ ಒಲೆ ಹಚ್ಚಲಿಲ್ಲ. ಎಲ್ಲರೂ ಒಣ ಬ್ರೆಡ್ಡು ತಿಂದು ಹೋದರು. ಸಂಜೆ ಸೊಸೆ ಅಂಗಡಿಯಿಂದ ಬಂದು ಸೂಪಿಗೆ ತರಕಾರಿ ಹೆಚ್ಚಿ ಒಲೆಯ ಮೇಲಿಟ್ಟಳು. ಮಾವ ಹಾಲಿನಲ್ಲಿ ಕೂತಿದ್ದ. ತಲೆ ಬಾಚಿಕೊಂಡಿರಲಿಲ್ಲ. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದ.

ಅತ್ತೆ ಮೆಷಿನ್ನಿನ ಖಾನೆಯ ಬೀಗ ತೆಗೆದು, ಡಬ್ಬಿ ತಂದು ಸೊಸೆಯ ಮುಂದೆ ಕುಕ್ಕಿದಳು.

"ತಗೋ. ಇದಕ್ಕೇ ತಾನೇ ಇಷ್ಟೆಲ್ಲ ಮಾಡಿದ್ದು? ಈ ಅಡುಗೆಮನೆ ನೀನೇ ಆಳು."

"ನಾನು ಹಾಕೋದು, ನೀವು ಹೊರಗೆ ಕೂತು ಹೆಸರಿಡೋದು. ಚೆನ್ನಾಗಿದೆ! ಅಂಗಡೀಲಿ ದುಡಿದು ಬಂದು ಎರಡು ಹೊತ್ತಿನ ಅಡುಗೆಯನ್ನೂ ನಾನೇ ಹೊರಬೇಕಾ? ಆಗಲ್ಲ. ನೀವೇ ಹಾಕಿ."

"ಅಷ್ಟು ಜನರ ಮುಂದೆ ಮಾನ ಕಳೆದು ಈಗ ನೀವೇ ಹಾಕಿ ಅಂತೀಯ?"

"ನನ್ನ ಮಾನ ಕಳೆದಿದ್ದು ಯಾರು? ಅದು ಅಲ್ಲಿಗೆ ಸಮ ಆಯ್ತು. ಹಾಕಿ. ನಾನು ರುಚಿ ನೋಡ್ತೀನಿ."

"ನಿನ್ನ ಅಪ್ಪಣೆ ತಗೊಂಡು ಹಾಕಬೇಕಾ ನಾನು?"

"ಅಪ್ಪಣೆ ಯಾರಿಗೆ ಬೇಕು? ಬಾಯಿಬಿಟ್ಟು ಕೇಳಿ."

ಅತ್ತೆ ಡಬ್ಬಿಗೆ ಕೈ ಹಾಕಿ ಉಪ್ಪು ತೆಗೆದು ಸೂಪಿಗೆ ಬಿಟ್ಟಳು. ಅಭ್ಯಾಸಬಲ, ಕಣ್ಣು ತಾನಾಗಿ ಸೊಸೆಯ ಮುಖಕ್ಕೆ ಹೋಯಿತು. ಸೊಸೆ ಸೌಟು ಹಿಡಿದುಕೊಂಡೇ ಬೆನ್ನು ತಿರುಗಿಸಿ ನಿಂತಳು.

"ಮುಖ ನೋಡಿದ್ರೆ ಹೇಳಲ್ಲ."

ಸೂಪು ಕುದಿದು ಮುಚ್ಚಳ ಟಕಟಕ ಎನ್ನುತ್ತಿತ್ತು. ಅತ್ತೆಯ ಅಂಗೈಯಲ್ಲಿ ಮಿಕ್ಕ ಉಪ್ಪು ಬೆವರಿಗೆ ಒದ್ದೆಯಾಗುತ್ತಿತ್ತು. ಡಬ್ಬಿ ಎತ್ತಿ ಎಸೆದುಬಿಡಲೇ ಎನ್ನಿಸಿತು. ಹಾಲಿನಲ್ಲಿ ಕುರ್ಚಿ ಕಿರುಗುಟ್ಟಿದ ಸದ್ದು ಕೇಳಿಸಿತು. ಆ ಅಡುಗೆಮನೆಗೆ ಬಂದ ಮೇಲೆ ಅವಳು ಯಾರನ್ನೂ ಕೇಳದೇ ಇದ್ದ ಒಂದು ಮಾತು ಕೊನೆಗೆ ಹೊರಬಂತು.

"ಸಾಕಾ?"

ಸೊಸೆ 'ಸಾಕು' ಎಂದು ಕೂಡಲೇ ಹೇಳಲಿಲ್ಲ. ಸೌಟಿನಿಂದ ಒಂದಿಷ್ಟು ಬಗ್ಗಿಸಿಕೊಂಡು, ಊದಿ, ಆರಿಸಿ, ಕುಡಿದಳು. ಬೇಕೆಂದೇ ಅತ್ತೆಯನ್ನು ಕಾಯಿಸಿದಳು ಅಂತಲೇ ಹೇಳಬೇಕು.

"ಇನ್ನೊಂದು ಚಿಟಿಕೆ."

ಹಾಲಿನಿಂದ ಮಾವನ ದನಿ ಬಂತು. ಗೋಡೆಯ ಕಡೆ ತಿರುಗಿಕೊಂಡೇ ಹೇಳುತ್ತಿದ್ದ.

"ಬಾಯಿಬಿಟ್ಟು ಕೇಳಿದ್ರೆ ನಾನೂ ಹೇಳ್ತಿದ್ದೆನಲ್ಲೇ."

ಅತ್ತೆ ಇನ್ನೊಂದು ಚಿಟಿಕೆ ಹಾಕಿ, ಕೈ ಕೊಡವಿದಳು.